ಎರಡು ಸಲ ಬರದದ್ದು

ರಾತ್ರಿ ಎರಡಕ್ಕ ಮೊಬೈಲು ಕೂಗತದ.
ಎದ್ದು ಎರಡು ಗ್ಲಾಸು ನೀರು ಕುಡೀತೀನಿ,
ಬಾಯಾರಿಕಿ ಇಲ್ಲದ ನೀರು.
ಹಿತ್ತಲಕ ಹೋಗಿ ಬರತೀನಿ.
ಇಳಕಲ್ಲ ಮಲಗೇದ.
ಹೆಸರಿನ್ಯಾಗ ಕಲ್ಲು ಇಟಗೊಂಡು
ಹೆಂಗ ನಿದ್ದಿ ಹತ್ತತದೋ ಈ ಊರಿಗೆ.

ಮೊದಲನೇದು ಬಂದಾಗ ನನಗ ಹದಿನಾರು.
ಅವ್ವ ಹುರಳಿ ಕುದಿಸಿದ ನೀರು ಕೊಟ್ಟಳು, ಬಾಳಿದಿಂಡಿನ ರಸ,
ಎಡಗಾಲಿಗೆ ಒಂದು ಕರಿದಾರ.
ಎರಡನೇದಕ್ಕ ಬಾಗಲಕೋಟಿ.
ಅಲೆ ಹೊಡದು ಪುಡಿ ಮಾಡೋ ಮಶೀನು
ಮುಕ್ಕಾಲು ತಾಸು ಬೆನ್ನಿಗೆ ಗುದ್ದಿತು,
ಕಲ್ಲು ಅಲುಗಲಿಲ್ಲ.
"ಯಾವೂರು?" ಅಂದ್ರು ಡಾಕ್ಟರು.
"ಇಳಕಲ್ಲರೀ."
"ಮತ್ತ!" ಅಂತ ನಕ್ಕರು.
ನಾನೂ ನಗಬೇಕಂದೆ, ಪಕ್ಕಡಿ ಬಿಡಲಿಲ್ಲ.

ಮೂರನೇದನ್ನ ಸೀಳಿ ತಗದು ಕೈಗೆ ಕೊಟ್ಟರು.
ಜೇನುಮೇಣದ ಬಣ್ಣ, ಹುಣಸಿಬೀಜದಷ್ಟು.
ಲ್ಯಾಬಿನ ಹುಡುಗಿ ಕರದು ತೋರಿಸಿದಳು,
ದುರ್ಬೀನಿನ ಕೆಳಗ, ನನ್ನ ಉಚ್ಚಿಯೊಳಗ
ಆರು ಮೂಲಿಯ ಹಾಳಿಗಳು, ಒಂದರ ಮ್ಯಾಲೊಂದು.
ಗುಳೇದಗುಡ್ಡದ ಖಣದಾಗೂ
ಇಷ್ಟು ನೆಟ್ಟಗಿನ ಬುಟ್ಟಾ ನೋಡಿರಲಿಲ್ಲ.
ಛಲೋ ಅದಾವ, ಅಂದೆ.
ಹೌದ್ರಿ, ಅಂದಳು.
ಇಬ್ಬರಿಗೂ ನಾಚಿಕಿ ಆತು.

ಹೈದರಾಬಾದಿಗೆ ರಕ್ತ ಹೋತು, ಕಾಗದ ಬಂತು.
"ಎಸ್ಸೆಲ್ಸಿ ಮೂರು, ಎ ಒಂದು," ಓದಿದರು ಡಾಕ್ಟರು,
"ಎರಡೂ ಪ್ರತಿಯೊಳಗ ತಪ್ಪದ."
ಅವ್ವ ಸೆರಗು ಸರಿ ಮಾಡಿಕೊಂಡಳು:
"ಹೌದ್ರಿ ಸಾಹೇಬ್ರ, ಎರಡು ಸಲ ಬರದಾನ.
ಗಣಿತ ಒಂದ ಹೋಗಿದ್ದು."

ಚೀಟಿ ತಿರುವಿ ಅವರು ಒಂದು ಗೋಡಿ ಗೀಚಿದರು,
ಗೋಡ್ಯಾಗೊಂದು ಬಾಗಿಲಾ.
ಇದು ಪೊರೆ, ಅಂದರು.
ಇದು, ಹರಿದು ಹೊಂಟ ನೀರಿನ್ಯಾಗಿಂದ
ಬೇಕಾದವರನ್ನ ಕೈ ಹಿಡದು ಒಳಗ ಕರಕೊಳ್ಳೋ ಬಾಗಿಲಾ.
ಬಾಗಿಲಾ ಹೆಂಗ ಮಾಡಬೇಕಂತ ಬರದಿಟ್ಟ ಸಾಲಿನ್ಯಾಗ
ನಿನ್ನಲ್ಲಿ ಒಂದು ಅಕ್ಷರ ಬ್ಯಾರೆ.
ಅದಕ್ಕ ಸಿಸ್ಟೀನು ಅನ್ನೋದು,
ಕೂದಲದಾಗ, ಉಗುರಿನ್ಯಾಗ ಇರೋ ಸಾದಾ ಸರಕು,
ಹೊರಗ ನಿಂತು ನಿಂತು,
ಕರಿಯವರಿಲ್ಲದ, ಕಲ್ಲಾಗತದ.

ಪೊರೆ ಅಂದ್ರ ಕಾಯೋದು, ಅಂತ ಕನ್ನಡ ಮಾಸ್ತರು ಹೇಳಿದ್ದರು.
ಆ ಪೇಪರಿನ್ಯಾಗ ನಾ ಪಾಸು.

ಅವ್ವ ತನ್ನ ಸೋದರಮಾವನ್ನ ಮಾಡಿಕೊಂಡಾಕಿ.
ಸೆರಗಿನ ಹಾಸು, ಒಡಲಿನ ಹಾಸು ಕೂಡಿಸುವಾಗ
ಎಳಿ ಎಳಿಗೆ ಕೊಂಡಿ ಹಾಕತೀವಿ ನಾವು.
ಒಂದು ಸವದಿದ್ರ ಇನ್ನೊಂದು ತಡಕೊಂತದ,
ಉಟ್ಟಾಕಿಗೆ ಗೊತ್ತೂ ಆಗೂದಿಲ್ಲ.
ಎರಡೂ ಕಡಿ ಒಂದ ಲಡಿಯ ದಾರ ಆದ್ರ?
ಅವ್ವಗ ನಾ ಇದನ್ನ ಹೇಳಲಿಲ್ಲ.
ಬಸ್ಸಿನ್ಯಾಗ ಕಿಡಕಿ ಕಡೆ ಮಾರಿ ಮಾಡಿ ಕುಂತಿದ್ದಳು,
ಅಮೀನಗಡ ಬಂದ್ರೂ ಕರದಂಟು ತಗೊ ಅನ್ನಲಿಲ್ಲ.

ದೀಪಾವಳಿಗೆ ಅಕ್ಕ ಬಂದು ಮಾತು ಎತ್ತಿದಳು.
ರಾಜೇಶ್ವರಿ ತೊಟ್ಟಿಲದಾಗ ಇದ್ದಾಗ ಆಡಿದ್ದ ಮಾತು,
ಆಕಿ ನಿನ್ನಾಕಿ ಅಂತ.
ಒಲ್ಲೆ, ಅಂದೆ.
"ನಿನಗಿಂತ ಹೆಚ್ಚು ಓದ್ಯಾಳ ಅಂತೇನು?"
ಒಲ್ಲೆ.
"ಬ್ಯಾರೆ ಯಾರರ ಅದಾರೇನು?"
ಒಲ್ಲೆ.
ಆರು ಮೂಲಿ ಹೆಂಗ ಬಿಡಿಸಿ ಹೇಳಲಿ.
ನಿನ್ನ ರಕ್ತದಾಗೂ ಆ ಅಕ್ಷರ ಇರಬಹುದು ಅಂದ್ರ
ಬೈದಂಗ ಕೇಳತದ.
ಒಣಹಾಕಿದ್ದ ಸೀರಿ ಹಸೀದ ಮಡಚಿಕೊಂಡು
ಸಂಜೀ ಬಸ್ಸಿಗೇ ಹೋದಳು.

ರಾಜೇಶ್ವರಿ ಜಮಖಂಡಿಯಾಗ ನರ್ಸು, ರಾತ್ರಿ ಪಾಳಿ.
ಎರಡಾಗಿ ಐದು ನಿಮಿಷಕ್ಕ ಮೊಬೈಲು ಬೆಳಗತದ:
"ಮಾಮಾ, ನೀರು?"
ಆಕಿಗೆ ಯಾರು ಹೇಳಿದರೋ. ಕೇಳಿಲ್ಲ.
ಕುಡದೆ, ಅಂತ ಒತ್ತತೀನಿ.

ಆಮ್ಯಾಲ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು
ದೀಪ ಹಚ್ಚದ
ಕೊಂಡಿ ಎಣಸತೀನಿ.
ಉಗುರಿಗೆ ಒಂದೊಂದು ತಾಗತದ.